ಪ್ರಸಾದಕ್ಕೆ ಎರಡು ಯೂನಿಟ್ಟು

ಡಿಸೆಂಬರ್ 16, 2024, ಸೋಮವಾರ

ಮನೆಯಲ್ಲಿ ಬಾಯಿ ಬಿಟ್ಟರೆ ಜಗಳವಾಗುತ್ತದೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಅದಕ್ಕೇ ಈ ಪುಸ್ತಕ. ಮೊಮ್ಮಗನ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಮಿಕ್ಕ ಹಾಳೆಗಳು. ಇದರಲ್ಲಿ ಏನು ಬರೆದರೂ ಎದುರುತ್ತರ ಬರುವುದಿಲ್ಲ.

ಇವತ್ತು ಧನುರ್ಮಾಸ ಶುರು. ನಮ್ಮ ಗುಡಿಯ ಪಾಕಶಾಲೆಯಲ್ಲಿ ನಾನು ಹುಗ್ಗಿ ಬೇಯಿಸುತ್ತಿರುವುದು ಇದು ನಲವತ್ತೊಂದನೆಯ ವರ್ಷ. ಶ್ರೀರಂಗಪಟ್ಟಣದಲ್ಲಿ ದೊಡ್ಡ ದೇವಸ್ಥಾನಗಳಿಗೆ ಕೊರತೆಯಿಲ್ಲ, ನಮ್ಮದು ಕೋಟೆಯೊಳಗಿನ ಸಣ್ಣ ಗುಡಿ. ಆದರೆ ಧನುರ್ಮಾಸ ಮುಗಿದ ಮೇಲೂ ಇಲ್ಲಿ ದಿನವೂ ಹುಗ್ಗಿಯೇ ಪ್ರಸಾದ, ಅದಕ್ಕೆ ಮಾತ್ರ ಜನ ಇಲ್ಲಿಗೇ ಬರುತ್ತಾರೆ. ಬೆಳಗೊಳದ ಹುಚ್ಚಣ್ಣ ತನ್ನ ಹಸುಗಳ ಬೆಣ್ಣೆ ತಂದುಕೊಡುತ್ತಾನೆ, ನಾನೇ ಕಾಯಿಸಿ ತುಪ್ಪ ಮಾಡುತ್ತೇನೆ. ಹುಗ್ಗಿಯಲ್ಲಿ ಅಕ್ಕಿಗಿಂತ, ಹೆಸರುಬೇಳೆಗಿಂತ ಮೊದಲು ತುಪ್ಪ ಕಾಣಬೇಕು. ಅದು ನನ್ನ ಕ್ರಮ.

ಸಂಜೆ ಸೊಸೆ ರಂಜನಿ ಪಾಂಡವಪುರದ ಕಚೇರಿಯಿಂದ ಬಂದವಳೇ ಒಂದು ಕಾಗದ ಮುಂದಿಟ್ಟಳು. ಮೊಮ್ಮಗ ಧ್ರುವನಿಗೆ ಹನ್ನೊಂದು ವರ್ಷ. ಒಂಬತ್ತಕ್ಕೇ ಸಕ್ಕರೆ ಕಾಯಿಲೆ ಬಂತು, ಟೈಪ್ ಒನ್ ಅಂತೆ, ದಿನಕ್ಕೆ ನಾಲ್ಕಾರು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಈಗ ಮೈಸೂರಿನ ಆಸ್ಪತ್ರೆಯವರ ಕಣ್ಣು ಅವನ ತಂಗಿ ಭಾವನಾ ಮೇಲೆ ಬಿದ್ದಿದೆ. ಅವಳಿಗಿನ್ನೂ ಆರು. ಇಂಥ ಮಕ್ಕಳ ಒಡಹುಟ್ಟಿದವರ ರಕ್ತ ತೆಗೆದು, ಅದರಲ್ಲಿರುವ ಕೊಬ್ಬಿನ ಬಗೆಗಳನ್ನು ಒಂದೊಂದಾಗಿ ಅಳೆದು, ಕಾಯಿಲೆ ಬರುವ ಸಂಭವ ಯಾರಿಗೆ ಹೆಚ್ಚು ಎಂದು ವರ್ಷಗಳ ಮುಂಚೆಯೇ ಗೊತ್ತಾಗುತ್ತದೆಯೇ ಅಂತ ನೋಡುತ್ತಾರಂತೆ. ಕೆಲವು ಬಗೆಯ ಕೊಬ್ಬು ಕಡಿಮೆಯಿದ್ದರೆ ಅನುಮಾನ. ಅಂಥ ಮಕ್ಕಳನ್ನು ಮೂರು ತಿಂಗಳಿಗೊಮ್ಮೆ ಕರೆಸಿ ನೋಡುತ್ತಾರೆ. ಸರಿಯಾಗಿದ್ದವರಿಗೆ ಎರಡು ವರ್ಷ ಬಿಟ್ಟು ಬನ್ನಿ ಅನ್ನುತ್ತಾರೆ. ಇದಿನ್ನೂ ಸಂಶೋಧನೆ, ಖಚಿತವಲ್ಲ ಎಂದು ಅವರೇ ಬರೆದಿದ್ದಾರೆ.

ಖಚಿತವಲ್ಲದ್ದಕ್ಕೆ ಮಗುವಿಗೆ ಸೂಜಿ ಯಾಕೆ ಎಂದೆ. ಮಗ ಸುಶಮೀಂದ್ರ ಶೀಳನೆರೆಯಲ್ಲಿ ಮೇಷ್ಟ್ರು, ವಾರಕ್ಕೊಮ್ಮೆ ಬರುತ್ತಾನೆ. ಅವನು ಫೋನಿನಲ್ಲೇ ಒಪ್ಪಿಬಿಟ್ಟಿದ್ದಾನೆ. ರಂಜನಿ ಸಹಿ ಹಾಕಿಯಾಗಿದೆ. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಮೊಮ್ಮಗಳ ಮೈಯಲ್ಲಿರುವ ಕೊಬ್ಬು ಹುಚ್ಚಣ್ಣನ ಬೆಣ್ಣೆಯದು, ಅದರ ಯೋಗ್ಯತೆ ಹೇಳಲು ಮೈಸೂರಿನವರು ಬೇಕಾಗಿಲ್ಲ.

ಡಿಸೆಂಬರ್ 20, ಶುಕ್ರವಾರ

ಮಂಗಳಾರತಿ ಮುಗಿದು ನಾನು ಹುಗ್ಗಿಯ ಪಾತ್ರೆ ಹಿಡಿದು ಹೊರಗೆ ಬಂದರೆ, ಅಂಗಳದಲ್ಲಿ ನಾಲ್ಕು ಜನರ ಎದುರಿಗೆ ಧ್ರುವ ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಾನೆ. ಏನೋ ಇದು ಎಂದೆ.

“ಪ್ರಸಾದಕ್ಕೆ ಎರಡು ಯೂನಿಟ್ಟು, ತಾತ.”

ಊಟಕ್ಕೆ ಮುಂಚೆ ಚುಚ್ಚಿಕೊಳ್ಳಲಿ, ಬೇಡವೆಂದವರು ಯಾರು. ಪ್ರಸಾದ ಊಟವೇ? ಶನಿವಾರ ಒಪ್ಪತ್ತು ಇರುವವರು, ಹರಕೆ ಹೊತ್ತು ಉಪವಾಸ ಮಾಡುವವರು ಎಲ್ಲರೂ ನನ್ನ ಮುಂದೆ ಅಂಗೈ ಒಡ್ಡುತ್ತಾರೆ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ನಲವತ್ತೊಂದು ವರ್ಷದಲ್ಲಿ ಯಾರ ಉಪವಾಸವೂ ನನ್ನ ಕೈಯಿಂದ ಕೆಟ್ಟಿಲ್ಲ. ಇಷ್ಟನ್ನೂ ಅವನಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ.

“ಉಪವಾಸ ಕೆಡಲ್ಲ ತಾತ. ಶುಗರ್ ಏರತ್ತೆ.”

ಅಷ್ಟು ಹೇಳಿ ಅಂಗೈ ಒಡ್ಡಿದ. ಹುಗ್ಗಿ ಹಾಕಿದೆ. ಅಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು.

ಡಿಸೆಂಬರ್ 23, ಸೋಮವಾರ

ಭಾವನಾ ರಕ್ತ ಕೊಟ್ಟು ಬಂದಳು. ಹಿಂದಿನ ಸಂಜೆಯಿಂದ ನೀರು ಬಿಟ್ಟು ಏನೂ ಕೊಡಬಾರದು ಎಂದು ರಂಜನಿ ಅಡುಗೆಮನೆಗೆ ಚಿಲಕ ಹಾಕಿ ಕಾವಲು ಕೂತಿದ್ದಳು. ಬೆಳಿಗ್ಗೆ ಮಗು ಎಂದಿನಂತೆ ನನ್ನ ಜೊತೆ ಗುಡಿಗೆ ಬಂದಳು. ದಿನವೂ ಮಂಗಳಾರತಿಗೆ ಗಂಟೆ ಬಾರಿಸುವವಳು ಅವಳೇ. ಬಾರಿಸಿ ಬಂದು ಅಂಗೈ ಒಡ್ಡಿದಳು. ಎರಡು ಉಂಡೆ ಹಾಕಿ ಮೇಲೆ ತುಪ್ಪ ಬಿಟ್ಟೆ. ಶುಕ್ರವಾರ ಅಣ್ಣನಿಗೆ ಹೇಳಿದ ಮಾತನ್ನು ಸೋಮವಾರ ತಂಗಿಯ ಎದುರು ಮುರಿದರೆ ನಾನೆಂಥ ಮನುಷ್ಯ.

ಆಸ್ಪತ್ರೆಯಲ್ಲಿ ಸುಧ ಎಂಬ ನರ್ಸು ಮಗು ಏನಾದರೂ ತಿಂದಿದೆಯಾ ಎಂದು ಕೇಳಿದಳು. ಇಲ್ಲ ಎಂದಳು ರಂಜನಿ. ಸುಧ ನನ್ನ ಕಡೆ ತಿರುಗಿದಳು. ಏನೂ ತಿಂದಿಲ್ಲ ಎಂದೆ. ಭಾವನಾ ಕೂಡ ತಲೆಯಾಡಿಸಿದಳು. ನಮ್ಮ ಮನೆಯಲ್ಲಿ ಪ್ರಸಾದವನ್ನು ಯಾರೂ ತಿನ್ನುವುದಿಲ್ಲ, ತೆಗೆದುಕೊಳ್ಳುತ್ತೇವೆ.

ಮಗು ಅಳಲಿಲ್ಲ. ಸೂಜಿ ನೋಡಿ ನನಗೇ ತಲೆ ಸುತ್ತಿ ಬೆಂಚಿನ ಮೇಲೆ ಕೂತೆ. ಧನುರ್ಮಾಸದಲ್ಲಿ ನಿದ್ದೆ ಸಾಲುವುದಿಲ್ಲ, ಬೇರೇನಿಲ್ಲ.

ಜನವರಿ 14, 2025, ಮಂಗಳವಾರ

ಸಂಕ್ರಾಂತಿ. ಧ್ರುವ ಕಬ್ಬು ಜಗಿಯುವ ಮುಂಚೆ ಚುಚ್ಚಿಕೊಂಡ. ಅವನು ಮುಗಿಸುವವರೆಗೆ ನಾನು ಎಳ್ಳುಬೆಲ್ಲದ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆ ಭಾರವಾಗಿರಲಿಲ್ಲ, ಅದಕ್ಕೆ.

ಫೆಬ್ರವರಿ 6, ಗುರುವಾರ

ಗೆದ್ದೆ. ಮೈಸೂರಿನಿಂದ ಫೋನು ಬಂತು. ಭಾವನಾಳ ರಕ್ತದಲ್ಲಿ ಅವರು ಹುಡುಕುತ್ತಿದ್ದ ಕೊಬ್ಬೆಲ್ಲ ತುಂಬಿಕೊಂಡಿದೆಯಂತೆ. ಎರಡು ವರ್ಷ ಬಿಟ್ಟು ಬಂದರೆ ಸಾಕಂತೆ.

ರಂಜನಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಆಮೇಲೆ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. “ನಿಮ್ಮ ಸೇವೆ ಫಲ ಕೊಡ್ತು ಮಾವ” ಎಂದಳು. ಎರಡು ವರ್ಷದಿಂದ ಬೇಕಾದಷ್ಟಕ್ಕೆ ಮಾತ್ರ ಮಾತನಾಡುತ್ತಿದ್ದ ಹೆಣ್ಣುಮಗಳು. ನಾನೇ ಸಜ್ಜಿಗೆ ಕೆದಕಿದೆ. ಧ್ರುವ ಲೆಕ್ಕ ಹಾಕಿ ಚುಚ್ಚಿಕೊಂಡು ತಿಂದ. ಆಸ್ಪತ್ರೆಯವರು ಅಳೆದೂ ಅಳೆದೂ ಕೊನೆಗೆ ಕಂಡುಹಿಡಿದದ್ದು ನನ್ನ ತುಪ್ಪದ ಮಹಿಮೆಯನ್ನು. ಈ ಮಾತನ್ನು ಗುಡಿಗೆ ಬಂದವರಿಗೆಲ್ಲ ಹೇಳಿದ್ದೇನೆ.

ಫೆಬ್ರವರಿ 9, ಭಾನುವಾರ

ರಂಜನಿ ಸಂತೋಷದ ಸುದ್ದಿ ಹೇಳಲು ನಾಗಮಂಗಲಕ್ಕೆ ತವರಿಗೆ ಹೋಗಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ತುಪ್ಪದ ಮಾತೆತ್ತಿದೆ. ಭಾವನಾ ಹೆಮ್ಮೆಯಿಂದ, ಅವತ್ತೂ ತಾತ ಎರಡು ಉಂಡೆ ಪ್ರಸಾದ ಕೊಟ್ಟಿದ್ದರು ಎಂದಳು. ಧ್ರುವ ತಾನು ತಿಂದದ್ದನ್ನೆಲ್ಲ ಬರೆದಿಡುವ ಪುಸ್ತಕ ತೆರೆದು ಕೂತಿದ್ದ. ಪೆನ್ಸಿಲ್ ಕೆಳಗಿಟ್ಟ. ಎಷ್ಟು ಗಂಟೆಗೆ ಕೊಟ್ಟಿರಿ, ರಕ್ತ ತೆಗೆದದ್ದು ಎಷ್ಟು ಗಂಟೆಗೆ ಎಂದು ಪೊಲೀಸಿನವನ ಹಾಗೆ ಕೇಳಿದ. ನಡುವೆ ಮೂರು ಗಂಟೆ.

“ಊಟ ಆದ್ಮೇಲೆ ಕೆಲವು ಗಂಟೆ ರಕ್ತದಲ್ಲಿ ಕೊಬ್ಬು ಏರಿರತ್ತೆ ತಾತ. ಅದಕ್ಕೇ ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದು. ಅವರು ಅಳೆದಿದ್ದು ಭಾವನಾನ ಅಲ್ಲ, ನಿಮ್ಮ ತುಪ್ಪಾನ.”

ಹನ್ನೊಂದು ವರ್ಷದವನಿಗೆ ನಾಲಿಗೆ ಇಷ್ಟುದ್ದ. ಎಲೆ ಬಿಟ್ಟು ಎದ್ದೆ. ಅವನು ಹಿಂದೆಯೇ ಬಂದು, ಅಮ್ಮನಿಗೆ ತಾನು ಹೇಳುವುದಿಲ್ಲ, ನೀವೇ ಹೇಳಿ ಎಂದ. ಏನನ್ನು ಹೇಳುವುದು? ಪ್ರಸಾದ ಕೊಟ್ಟೆ ಎಂದೇ?

ಫೆಬ್ರವರಿ 10, ಸೋಮವಾರ

ನಾನು ತಪ್ಪು ಮಾಡಿಲ್ಲ.

ಫೆಬ್ರವರಿ 13, ಗುರುವಾರ

ಹುಚ್ಚಣ್ಣ ಬೆಣ್ಣೆ ತಂದಿದ್ದ. ಅವನಾದರೂ ನನ್ನ ಪರ ನಿಲ್ಲುತ್ತಾನೆ ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವನ ಬೆಣ್ಣೆಯ ಮರ್ಯಾದೆಯೂ ಇದರಲ್ಲಿದೆಯಲ್ಲ. ಪಾಕಶಾಲೆಯ ಹೊರಗಿನ ಕಲ್ಲಿನ ಮೇಲೆ ಕೂತು ಪೂರ್ತಿ ಕೇಳಿದ. ಆಮೇಲೆ ಟವೆಲ್ಲು ಕೊಡವಿಕೊಂಡು ಎದ್ದ.

“ನಮ್ಮೂರ್ ಡೈರೀಲಿ ಒಬ್ಬ ಇಂಗೇ ಮಾಡ್ದ ಸ್ವಾಮಿ. ಫ್ಯಾಟು ಜಾಸ್ತಿ ತೋರ್ಲಿ ಅಂತ ಹಾಲ್ಗೆ ಕೆನೆ ಕದಡ್ಕಂಡ್ ಬರೋನು. ಅಸಕ್ಕೆ ಕಾಯ್ಲೆ ಬಂದು ಫ್ಯಾಟು ಇಳ್ದಿತ್ತು. ಡೈರಿ ಚೀಟೀಲಿ ಫ್ಯಾಟು ಚೆಂದಾಗದಲ್ಲ ಅಂತ ಡಾಕ್ಟ್ರು ಅದ್ರ ತಾವ್ಕೇ ಓಗ್ನಿಲ್ಲ. ಒಂದಿನ ಅಸ ಮಲಿಕಂಡಿದ್ದು ಏಳ್ನೇ ಇಲ್ಲ.” ಬೆಣ್ಣೆಯ ಖಾಲಿ ಪಾತ್ರೆ ಎತ್ತಿಕೊಂಡು ಮತ್ತೆ ಹೇಳಿದ. “ಚೀಟೀನ ಯಾಮಾರಿಸ್ಬೋದು ಸ್ವಾಮಿ. ಅಸಾನ ಯಾಮಾರಿಸಕ್ಕಾಗಾಕಿಲ್ಲ.”

ಇವನು ಡೈರಿಗೆ ಹಾಲು ಹಾಕುವವನು, ಇವನಿಗೇನು ಗೊತ್ತು ಎಂದುಕೊಂಡೆ. ಇವತ್ತು ಬೆಣ್ಣೆ ಕಾಯಿಸುವಾಗ ತುಪ್ಪ ಸೀದು ಕೆಂಪಾಯಿತು. ನಲವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಎಲ್ಲ ಅವನ ಮಾತಿನಿಂದ.

ಫೆಬ್ರವರಿ 22, ಶನಿವಾರ

ಒಂದು ವಾರದಿಂದ ಬರೆಯಬೇಕೆಂದು ಕೂತು ಪುಸ್ತಕ ಮುಚ್ಚುತ್ತಿದ್ದೇನೆ. ಇವತ್ತು ಬರೆಯುತ್ತೇನೆ. ನನಗೆ ಭಯವೇನಿಲ್ಲ.

ಎರಡು ವರ್ಷದ ಹಿಂದೆ ರಾಮೋತ್ಸವ. ಒಂಬತ್ತು ದಿನವೂ ಗುಡಿಯಲ್ಲಿ ಪಾನಕ. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಮೆಣಸು, ಚೂರು ಶುಂಠಿ. ನನ್ನ ಪಾನಕಕ್ಕೆ ಹುಗ್ಗಿಗಿಂತ ಹೆಚ್ಚು ಹೆಸರಿತ್ತು. ಧ್ರುವ ಲೋಟ ಹಿಡಿದು ಬಂದ, ಕುಡಿದ, ಮತ್ತೆ ಬಂದ. ಮೂರು ದಿನ ಲೆಕ್ಕವಿಲ್ಲದಷ್ಟು ಸಲ ಬಂದ. ಹುಡುಗ ಸೊರಗಿದ್ದಾನೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ ಎಂದು ರಂಜನಿ ಹೇಳಿದಳು. ಬಿಸಿಲಿಗೆ ಮೈ ಕಾದಿದೆ, ಪಾನಕ ತಂಪು ಎಂದೆ. ನಾಲ್ಕನೆಯ ದಿನ ಅವನು ಏಳಲಿಲ್ಲ. ಐದು ದಿನ ಮೈಸೂರಿನಲ್ಲಿ ಐಸಿಯು. ರಕ್ತದಲ್ಲಿ ಸಕ್ಕರೆ ಆರುನೂರರ ಮೇಲಿತ್ತು.

ಅವನು ರುಚಿಗೆ ಬರುತ್ತಿದ್ದಾನೆ ಎಂದುಕೊಂಡಿದ್ದೆ. ಮೊಮ್ಮಗನಿಗೆ ನನ್ನ ಕೈರುಚಿ ಹಿಡಿಸಿದೆ ಎಂದು ಬೀಗುತ್ತಿದ್ದೆ. ಅವನಿಗಿದ್ದದ್ದು ಬಾಯಾರಿಕೆ.

ಪಾನಕದಿಂದ ಕಾಯಿಲೆ ಬರುವುದಿಲ್ಲ, ಅದು ಮೊದಲೇ ಒಳಗಿತ್ತು ಎಂದು ಆಗ ಡಾಕ್ಟರೇ ಹೇಳಿದರು. ಎರಡು ದಿನ ಮುಂಚೆ ಕರೆತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದೂ ಹೇಳಿದರು. ರಂಜನಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡುತ್ತಿದ್ದೆ. ನಾನು ಕೊಟ್ಟದ್ದು ದೇವರ ಪಾನಕ ಎಂಬ ಉತ್ತರ ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇದೆ. ಯಾರೂ ಕೇಳುವುದಿಲ್ಲ.

ಮಾರ್ಚ್ 1, ಶನಿವಾರ

ಸೋಮವಾರ ಭಾವನಾ ಬೀದಿಯಲ್ಲಿ ಆಡಿ ಬಂದವಳು ಒಂದೇ ಉಸಿರಿಗೆ ಎರಡು ಲೋಟ ನೀರು ಕುಡಿದಳು. ಬಿಸಿಲೂ ಇತ್ತು. ಆದರೂ ಧ್ರುವನನ್ನು ಕರೆದು, ಆ ನಿನ್ನ ಯಂತ್ರ ತಾರೋ ಎಂದೆ. ಅವನು ತಂಗಿಯ ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದ. ನಾನು ಗೋಡೆ ಹಿಡಿದು ನಿಂತಿದ್ದೆ. ತೊಂಬತ್ತಾರು ಎಂದ. ಅಂದರೆ ಏನೋ ಎಂದರೆ, ಏನೂ ಇಲ್ಲ ತಾತ, ಚೆನ್ನಾಗಿದೆ ಎಂದ.

ಯಂತ್ರ ಸರಿಯಿದೆಯೇ ಎಂದು ಪರೀಕ್ಷೆ ಮಾಡಿದ್ದು, ಅಷ್ಟೆ. ಅದಕ್ಕೇ ನನ್ನ ಬೆರಳಿಗೂ ಚುಚ್ಚಿಸಿಕೊಂಡೆ. ನೋವಾಗುತ್ತದೆ. ಇದನ್ನು ಆ ಹುಡುಗ ದಿನಕ್ಕೆ ಆರು ಸಲ ಮಾಡಿಕೊಳ್ಳುತ್ತಾನೆ.

ಈ ವಾರ ನಾಲ್ಕು ಸಲ ಯಂತ್ರ ಪರೀಕ್ಷೆ ಮಾಡಿಸಿದ್ದೇನೆ. ಭಾವನಾ ಈಗ ನನ್ನನ್ನು ಕಂಡರೆ ನೀರು ಕುಡಿಯದೆ ಓಡುತ್ತಾಳೆ.

ಮಾರ್ಚ್ 5, ಬುಧವಾರ

ಹೇಳಿದೆ. ಯಾರ ಬಲವಂತಕ್ಕೂ ಅಲ್ಲ, ನನಗೆ ಹೇಳಬೇಕೆನಿಸಿತು, ಹೇಳಿದೆ.

ರಂಜನಿ ಕಚೇರಿಯಿಂದ ಬಂದು ಒಣಗಿದ ಬಟ್ಟೆ ಮಡಚುತ್ತಿದ್ದಳು. ಎದುರಿಗೆ ಕೂತು, ಅವತ್ತು ಬೆಳಿಗ್ಗೆ ಭಾವನಾಗೆ ಹುಗ್ಗಿ ಕೊಟ್ಟಿದ್ದೆ, ಎರಡು ಉಂಡೆ, ತುಪ್ಪ ಹಾಕಿ ಎಂದೆ. ಅವಳ ಕೈ ನಿಂತಿತು. ಯಾವತ್ತು ಎಂದು ಕೇಳಲಿಲ್ಲ.

“ಡಾಕ್ಟ್ರು ಕಡಿಮೆ ಬಂದ್ರೆ ಅನುಮಾನ ಅಂದಿದ್ರು. ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಎರಡು ವರ್ಷ ಯಾರೂ ಅವಳನ್ನ ನೋಡ್ತಿರ್ಲಿಲ್ಲ ಮಾವ. ಇನ್ನೊಂದ್ಸಲ ಐಸಿಯು ಬಾಗಿಲಲ್ಲಿ ಕೂತಿರ್ತಿದ್ವಿ.”

ಅವಳು ಬಟ್ಟೆ ಪಕ್ಕಕ್ಕಿಟ್ಟಳು.

“ಪಾನಕದ್ದೂ ನಾನು ಏನೂ ಅನ್ಲಿಲ್ಲ. ಹಿರಿಯರು, ನೊಂದ್ಕೋತಾರೆ ಅಂತ ಬಾಯಿ ಮುಚ್ಕೊಂಡೆ. ನಾನು ಅವತ್ತೇ ಅನ್ಬೇಕಿತ್ತು.”

ಆಮೇಲೆ ಅಂದಳು. ಕಾಲು ಗಂಟೆ ಅಂದಳು. ನನ್ನ ಹಟ, ನನ್ನ ಜಂಬ, ಮೂರು ದಿನ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಇದ್ದದ್ದು, ಒಂದೂ ಬಿಡಲಿಲ್ಲ. ನಾಲಿಗೆಯ ತುದಿಯಲ್ಲಿದ್ದ ಉತ್ತರವನ್ನು ಹೊರಗೆ ತೆಗೆಯಲು ಹೋದೆ. ಅಲ್ಲಿ ಏನೂ ಇರಲಿಲ್ಲ. ತಪ್ಪಾಯ್ತಮ್ಮ ಎಂಬುದೊಂದೇ ಬಂತು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ನನ್ನ ಜೊತೆ ಇಷ್ಟು ಮಾತಾಡಿದ್ದು ಇವತ್ತೇ.

ಕಣ್ಣೊರೆಸಿಕೊಂಡು ಸುಧಳಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು, ನೀವೇ ಹೇಳಿ ಎಂದಳು. ಹೇಳಿದೆ. ಆ ಹುಡುಗಿ ಬಯ್ಯಲಿಲ್ಲ. ಮತ್ತೆ ರಕ್ತ ತೆಗೆಯೋಣ, ಹದಿನೇಳಕ್ಕೆ ಬನ್ನಿ ಎಂದಳು. ಬಯ್ಯದೆ ಬಿಟ್ಟಳೆಂದು ನಾನು ಬಿಡುತ್ತೇನೆಯೇ. “ತಿಂದಿದ್ದೀರಾ ಅಂತ ಕೇಳಿದ್ರೆ ನಮ್ಮ ಕಡೆ ಯಾರೂ ಹೌದು ಅನ್ನಲ್ಲಮ್ಮ. ಪ್ರಸಾದ ತಗೊಂಡಿದ್ದೀರಾ ಅಂತ ಬೇರೆ ಕೇಳಬೇಕು, ನಿಮ್ಮ ಕಾಗದದಲ್ಲಿ ಬರ್ಕೊಳ್ಳಿ” ಎಂದೆ. ಬರೆದುಕೊಂಡೆ ಎಂದಳು.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಭಾವನಾ ಗಂಟೆ ಬಾರಿಸಿ ಬಂದು ಅಭ್ಯಾಸದಂತೆ ಅಂಗೈ ಒಡ್ಡಿದಳು. ನಾನು ಅವಳನ್ನು ದಾಟಿ ಮುಂದಿನವರಿಗೆ ಹಾಕಿದೆ. ದಿನವೂ ಗುಡಿಗೆ ಬರುವ ಅಣ್ಣಮ್ಮನವರಿಗೆ ಎಂಬತ್ತು ವರ್ಷ, ಕಣ್ಣು ಮಾತ್ರ ಚುರುಕು. ಮಗುವಿಗೆ ಯಾಕೆ ಕೊಡಲಿಲ್ಲ ಎಂದರು. ಇವತ್ತು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಎಂದೆ. ದೇವರ ಪ್ರಸಾದದಿಂದ ಹೊಟ್ಟೆ ತುಂಬುತ್ತದೆಯೇ, ಕೊಡಿ ಜಯರಾಮಯ್ಯನವರೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸುತ್ತ ಇದ್ದವರೂ ತಲೆಯಾಡಿಸಿದರು.

“ತುಂಬತ್ತಮ್ಮ. ಅಕ್ಕಿ ಹಾಕಿದೋನು ನಾನು, ತುಪ್ಪ ಸುರಿದೋನು ನಾನು. ನನಗೆ ಗೊತ್ತು.”

ಅಣ್ಣಮ್ಮನವರು ಮುಖ ತಿರುಗಿಸಿಕೊಂಡು ಹೋದರು. ಹೋಗಲಿ, ನಾಳೆ ಹುಗ್ಗಿಗೆ ಬಂದೇ ಬರುತ್ತಾರೆ.

ಭಾವನಾಳ ಪಾಲನ್ನು ಸ್ಟೀಲ್ ಡಬ್ಬಿಗೆ ಹಾಕಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಸುಧ ಎರಡು ಪ್ರಶ್ನೆ ಕೇಳಿದಳು. ತಿಂದಿದ್ದಾಳಾ, ಪ್ರಸಾದ ತಗೊಂಡಿದ್ದಾಳಾ. ಎರಡಕ್ಕೂ ಇಲ್ಲ ಎಂದೆ. ಸೂಜಿ ಹೊರಗೆ ಬಂದ ಮೇಲೆ ಬೆಂಚಿನ ಮೇಲೆ ಕೂರಿಸಿ ಡಬ್ಬಿ ತೆರೆದೆ. ಈ ಸಲ ತಲೆ ಸುತ್ತಲಿಲ್ಲ.

ಏಪ್ರಿಲ್ 3, ಗುರುವಾರ

ಕಡಿಮೆ ಇದೆ. ಹುಚ್ಚಣ್ಣನ ಬೆಣ್ಣೆಯಲ್ಲಿ ಬೆಳೆದ ಮಗುವಿನ ರಕ್ತದಲ್ಲಿ ಅವರು ಹುಡುಕುವ ಕೊಬ್ಬು ಕಡಿಮೆ ಇದೆ.

ಡಾಕ್ಟರು ನನ್ನನ್ನೇ ಫೋನಿಗೆ ಕರೆದು ಸಮಾಧಾನವಾಗಿ ಹೇಳಿದರು. ಇದು ಊಟ ಸಾಲದೆ ಆದದ್ದಲ್ಲ, ಯಾರ ತಪ್ಪೂ ಅಲ್ಲ. ಕಾಯಿಲೆ ಬಂದೇ ಬರುತ್ತದೆ ಎಂದೂ ಅಲ್ಲ, ಬಾರದೆಯೂ ಇರಬಹುದು. ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದರೆ, ಬಂದರೂ ಮೊದಲೇ ಗೊತ್ತಾಗುತ್ತದೆ. ಮಗು ಐಸಿಯು ಮೆಟ್ಟಿಲು ಹತ್ತುವವರೆಗೆ ಕಾಯಬೇಕಾಗಿಲ್ಲ.

ರಂಜನಿ ಅತ್ತಳು. ನಾನು ಅಳಲಿಲ್ಲ, ನನಗೆ ಸಿಟ್ಟು ಬಂತು. ಬರಲಿ ನೋಡೋಣ. ಹೋದ ಸಲ ಕದ್ದು ಬಂತು, ನಾನು ಪಾನಕ ಕೊಟ್ಟು ಕೂರಿಸಿಕೊಂಡೆ. ಈ ಸಲ ಬಾಗಿಲಲ್ಲಿ ನಾನಿದ್ದೇನೆ. ಮೂರು ತಿಂಗಳಿಗೊಮ್ಮೆ ಮೈಸೂರಿಗೆ ಕರೆದುಕೊಂಡು ಹೋಗುವವನು ನಾನೇ, ರಂಜನಿ ರಜೆ ಹಾಕಬೇಕಾಗಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಯಾರೂ ಎದುರಾಡಕೂಡದು.

ಏಪ್ರಿಲ್ 6, ಭಾನುವಾರ

ರಾಮನವಮಿ. ಹೋದ ವರ್ಷ ಪಾನಕ ಬೇರೆಯವರ ಕೈಯಲ್ಲಿ ಮಾಡಿಸಿದ್ದರು, ನಾನೂ ಆ ಕಡೆ ಹೋಗಿರಲಿಲ್ಲ. ಈ ಸಲ ನಾನೇ ಮಾಡುತ್ತೇನೆ ಎಂದೆ. ನಲವತ್ತು ವರ್ಷ ಕಣ್ಣಳತೆಯಲ್ಲಿ ಬೆಲ್ಲ ಹಾಕಿದವನು ಇವತ್ತು ತಕ್ಕಡಿಯಲ್ಲಿ ತೂಗಿ ಹಾಕಿದೆ. ಒಂದು ಲೋಟಕ್ಕೆ ಎಷ್ಟು ಗ್ರಾಂ ಬೆಲ್ಲ ಎಂದು ಸೀಮೆಸುಣ್ಣದಲ್ಲಿ ಕೊಳಗದ ಮೇಲೆ ಬರೆದೆ. ಬೆಲ್ಲ ಕರಗುವ ಹದ ಚೆನ್ನಾಗಿ ತಿಳಿಯಲಿ ಎಂದು ತೂಗಿದ್ದು. ಧ್ರುವ ಓದಿಕೊಂಡು, ಅಂಗಿ ಎತ್ತಿ, ಎಲ್ಲರ ಎದುರಿಗೇ ಚುಚ್ಚಿಕೊಂಡ. ಅಣ್ಣಮ್ಮನವರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಪ್ರಸಾದಕ್ಕೆ ಎರಡು ಯೂನಿಟ್ಟು ಎಂದು ನಾನೇ ಹೇಳಿದೆ.

ಭಾವನಾ ಒಂದು ಲೋಟ ಕುಡಿದು ಹೋದಳು. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ಹಿಡಿದು ಮತ್ತೆ ಬಂದು ನಿಂತಳು. ನನ್ನ ಕೈಯಲ್ಲಿ ಸೌಟಿತ್ತು. ಹಿಂದೆ ಇನ್ನೂ ಇಪ್ಪತ್ತು ಜನ ಸಾಲಿನಲ್ಲಿದ್ದರು. ಸೌಟು ಕೆಳಗಿಟ್ಟು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಬಾಯಾರಿಕೆಗೋ ರುಚಿಗೋ ಎಂದು ಕೇಳಿದೆ.

ಮಗು ಸ್ವಲ್ಪ ಯೋಚನೆ ಮಾಡಿತು. ಸಾಲಿನಲ್ಲಿದ್ದವರೆಲ್ಲ ಕಾದರು.

“ರುಚಿಗೆ” ಎಂದಳು.

ಕೊಟ್ಟೆ.